ಹಿತ್ತಲ ಈಜುಕೊಳಕ್ಕೂ ಒಂದು ಕಟ್ಟೆ ಬೇಕು

ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಮನೆ ಹಿತ್ತಲಲ್ಲೇ ಈಜುಕೊಳ ಕಟ್ಟಿಸಿಕೊಳ್ಳುವ ಬಗ್ಗೆ ಒಂದು ಪುಟದ ಲೇಖನ ಬಂದಿತ್ತಲ್ಲ, ಅದನ್ನು ನಾನು ಎರಡು ಸಲ ಓದಿದೆ. ಮೊದಲ ಸಲ ಖುಷಿಯಿಂದ, ಎರಡನೇ ಸಲ ಪೆನ್ಸಿಲ್ ಹಿಡಿದುಕೊಂಡು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು ನಾನು, ಪೆನ್ಸಿಲ್ ಹಿಡಿಯೋದು ಕೈಗೆ ಬಂದುಬಿಟ್ಟಿದೆ. ನೀಲಿ ಟೈಲ್ಸ್ ಬಗ್ಗೆ ಇತ್ತು, ನೀರೊಳಗೆ ಉರಿಯುವ ಬಣ್ಣದ ದೀಪದ ಬಗ್ಗೆ ಇತ್ತು, ಪಕ್ಕದಲ್ಲಿ ಹಾಕುವ ಮರದ ಹಲಗೆ, ಒರಗುಕುರ್ಚಿ, ಎಲ್ಲಾ ಇತ್ತು. ಒಟ್ಟು ಒಂಬತ್ತು ಫೋಟೊ. ಒಂದರಲ್ಲೂ ಕೊಳದ ಸುತ್ತ ಬೇಲಿ ಇರಲಿಲ್ಲ. ಅಷ್ಟು ನೀರು ಎಲ್ಲಿಂದ ಬರುತ್ತೆ ಅನ್ನೋದಕ್ಕೆ ಒಂದೇ ಒಂದು ಸಾಲೂ ಇರಲಿಲ್ಲ.

ನಾನು ಈಜುಕೊಳದ ವಿರೋಧಿ ಅಂದುಕೊಳ್ಳಬೇಡಿ. ನಮ್ಮ ಮನೆಯಲ್ಲೇ ಒಂದಿದೆ. ಕನಕಪುರ ರಸ್ತೆಯಿಂದ ಒಳಗೆ ಹೋದರೆ ಸಿಗುವ ಬಡಾವಣೆಯಲ್ಲಿ ನಮ್ಮ ಮನೆ, ಹಿಂದೆ ಒಂದಿಷ್ಟು ಜಾಗ, ಅದರಲ್ಲಿ ಒಂದು ನುಗ್ಗೆ, ಒಂದು ಸೀಬೆ, ಎರಡು ತೆಂಗು, ಈಗ 24 ಅಡಿ ಉದ್ದ 12 ಅಡಿ ಅಗಲದ ಒಂದು ಕೊಳ. ಕಟ್ಟಿಸಿದ್ದಕ್ಕೆ ನನಗೆ ಬೇಜಾರಿಲ್ಲ. ಆದರೆ ಕಟ್ಟಿಸುವ ಮೊದಲು ಯಾರಾದರೂ ಕೂರಿಸಿಕೊಂಡು ಹೇಳಬೇಕಿತ್ತಲ್ಲ ಅನ್ನಿಸುವ ಮಾತುಗಳಿವೆ. ನಿಮ್ಮ ಲೇಖನ ಓದಿ ಎಷ್ಟು ಮನೆಗಳಲ್ಲಿ ಗಂಡ ಹೆಂಡತಿ ಟೇಪು ಹಿಡಿದು ಹಿತ್ತಲು ಅಳೆಯುತ್ತಿದ್ದಾರೋ ಏನೋ, ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಸ್ವಲ್ಪ ಜಾಗ ಮಾಡಿಕೊಡಿ.

ನಮಗೆ ಯಾಕೆ ಬೇಕಾಯಿತು ಅನ್ನೋದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ದುಡ್ಡು ಜಾಸ್ತಿಯಾಗಿ ಮಾಡಿಸಿದ್ದು ಅಂತೀರಿ. ನನ್ನ ತವರು ತಿಪಟೂರು ಕಡೆ. ತೋಟದಲ್ಲಿ ದೊಡ್ಡ ಬಾವಿ ಇತ್ತು. ನಮ್ಮ ಅಣ್ಣಂದಿರು ಸೊಂಟಕ್ಕೆ ಸೊರೆಬುರುಡೆ ಕಟ್ಟಿಕೊಂಡು, ಅದು ಸಿಗದಿದ್ದರೆ ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿ ಜೋಡಿ ಮಾಡಿ ಕಟ್ಟಿಕೊಂಡು, ಮೇಲಿಂದ ಧುಮುಕೋರು. ಒಂದು ಬೇಸಿಗೆ ರಜೆ ಮುಗಿಯುವುದರೊಳಗೆ ಬುರುಡೆ ಬಿಚ್ಚಿ ಎಸೆದು ಈಜೋರು. ಹೆಣ್ಣುಮಕ್ಕಳು ನಾವು ಮೇಲೆ ನಿಂತು ಅವರ ಬಟ್ಟೆ ಕಾಯಬೇಕು. ಬೆಂಗಳೂರಿಗೆ ಬಂದ ಮೇಲೆ ಕಲಿಯೋಣ ಅಂತ ಒಂದು ಕೊಳಕ್ಕೆ ಹೋಗಿ ವಿಚಾರಿಸಿದೆ. ಹೆಂಗಸರ ಬ್ಯಾಚು ಬೆಳಿಗ್ಗೆ ಹನ್ನೊಂದಕ್ಕೆ ಅಂದರು. ಹನ್ನೊಂದಕ್ಕೆ ನಾನು ಹತ್ತನೇ ಕ್ಲಾಸಿಗೆ ಬೆಳಕಿನ ವಕ್ರೀಭವನ ಪಾಠ ಮಾಡುತ್ತಿರುತ್ತೇನೆ! ಆಮೇಲೆ ನಮ್ಮನೆಯವರಿಗೆ ಮಂಡಿನೋವು ಶುರುವಾಯಿತು, ಈಜಿದರೆ ಒಳ್ಳೆಯದು ಅಂತ ಡಾಕ್ಟರು ಅಂದರು, ನನಗೆ ಅಷ್ಟು ನೆಪ ಸಾಕಾಯಿತು. ನಲವತ್ತಾರನೇ ವಯಸ್ಸಿನಲ್ಲಿ ನನ್ನ ಮಗಳ ಕೈಲಿ ಬೈಸಿಕೊಂಡು ಈಜು ಕಲಿತೆ. ಕಾಲು ನೆಲಕ್ಕೆ ತಾಕದೆ ಮೊದಲ ಸಲ ಆ ತುದಿ ಮುಟ್ಟಿದಾಗ ಅಳು ಬಂದಿತ್ತು, ಮುಖವೆಲ್ಲ ನೀರಾಗಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಇನ್ನು ಕಟ್ಟಿದ ಕಥೆ. 2022ರ ಆಗಸ್ಟ್‌ನಲ್ಲಿ ಜೆಸಿಬಿ ಕರೆಸಿ ಗುಂಡಿ ತೋಡಿಸಿದೆವು, ಅದೇ ಮೊದಲ ತಪ್ಪು. ಆ ವರ್ಷದ ಸೆಪ್ಟೆಂಬರ್ ಬೆಂಗಳೂರಿನವರಿಗೆಲ್ಲ ನೆನಪಿದೆ, ಐಟಿಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗಿದ್ದರಲ್ಲ, ಅದೇ ಮಳೆ. ನಮ್ಮ ಗುಂಡಿ ಒಂದು ರಾತ್ರಿಯಲ್ಲಿ ತುಂಬಿತು. ಟೈಲ್ಸ್ ಇಲ್ಲ, ಪಂಪ್ ಇಲ್ಲ, ಒಂದು ರೂಪಾಯಿ ಖರ್ಚಿಲ್ಲದೆ ಕೆಂಪು ನೀರಿನ ಈಜುಕೊಳ, ಅದರಲ್ಲಿ ಕಪ್ಪೆಗಳು ಬೆಳಗಿನ ತನಕ ಸಂಗೀತ ಕಛೇರಿ ನಡೆಸಿದವು. ಮೂರನೇ ದಿನ ಪಕ್ಕದ ಮಣ್ಣು ಕುಸಿದು ಕಾಂಪೌಂಡ್ ಗೋಡೆ ಬುಡದವರೆಗೂ ಬಂತು. ಮಣ್ಣು ತೆಗೆಸಿ, ಗೋಡೆಗೆ ಊರುಗೋಲು ಕೊಟ್ಟು, ಮತ್ತೆ ಕೆಲಸ ಶುರುವಾಗಿದ್ದು ಜನವರಿಯಲ್ಲಿ. ಗುಂಡಿ ತೋಡೋದಿದ್ದರೆ ದೀಪಾವಳಿ ಕಳೆಯಲಿ, ಯುಗಾದಿ ಒಳಗೆ ಕಾಂಕ್ರೀಟ್ ಮುಗಿಯಲಿ. ಕರಾವಳಿ, ಮಲೆನಾಡಿನ ಕಡೆಯವರು ಇನ್ನೊಂದು ವಿಷಯ ನೆನಪಿಟ್ಟುಕೊಳ್ಳಿ. ಮಳೆಗಾಲದಲ್ಲಿ ಅಲ್ಲಿ ನೆಲದೊಳಗಿನ ನೀರು ಕೈಗೆ ಸಿಗುವಷ್ಟು ಮೇಲೆ ಬಂದಿರುತ್ತೆ. ಆಗ ತೊಳೆಯೋಣ ಅಂತ ಕೊಳ ಖಾಲಿ ಮಾಡಿದರೆ ಕೆಳಗಿನ ನೀರಿನ ಒತ್ತಡಕ್ಕೆ ಇಡೀ ಕಾಂಕ್ರೀಟ್ ತೊಟ್ಟಿ ದೋಣಿ ಥರ ಮೇಲೆದ್ದು ಬಿರುಕು ಬಿಡಬಹುದು. ತಳದಲ್ಲಿ ಆ ಒತ್ತಡ ಬಿಡಿಸುವ ವಾಲ್ವ್ ಇಡಿಸಬೇಕು, ಮಳೆಗಾಲದಲ್ಲಿ ಖಾಲಿ ಮಾಡಲೇಬಾರದು.

ಕಟ್ಟುವವರು ಎಷ್ಟೊತ್ತಿದ್ದರೂ ಟೈಲ್ಸ್ ಕ್ಯಾಟಲಾಗ್ ತೋರಿಸುತ್ತಾರೆ. ನೀವು ಕೇಳಬೇಕಾದ್ದು ಟೈಲ್ಸ್ ಹಿಂದಿರೋದನ್ನ. ಕಬ್ಬಿಣ ಎಷ್ಟು, ಗೋಡೆ ಎಷ್ಟು ದಪ್ಪ, ತಳಕ್ಕೂ ಗೋಡೆಗೂ ಜಾಯಿಂಟ್ ಹೇಗೆ, ಪೈಪು ಗೋಡೆ ತೂರಿ ಬರುವ ಜಾಗದಲ್ಲಿ ಏನು ಹಾಕುತ್ತಾರೆ. ನೀರು ನಿಲ್ಲಿಸುವ ಕಾಂಕ್ರೀಟಿಗೇ ಬೇರೆ ಭಾರತೀಯ ಮಾನದಂಡ ಇದೆ, ಐಎಸ್ 3370 ಅಂತ. ಮನೆಯ ಛಾವಣಿಗೆ ಹಾಕುವ ಲೆಕ್ಕದಲ್ಲೇ ಕೊಳಕ್ಕೂ ಹಾಕಿದರೆ ಸೋರುತ್ತೆ. ಟೈಲ್ಸ್ ಅಂಟಿಸುವ ಮೊದಲು ಬರೀ ಕಾಂಕ್ರೀಟ್ ತೊಟ್ಟಿಗೆ ನೀರು ತುಂಬಿ ಒಂದು ವಾರ ನಿಲ್ಲಿಸಿ ನೋಡಿ ಅಂತ ಹಠ ಹಿಡಿಯಿರಿ. ನಾವು ಹಿಡಿಯಲಿಲ್ಲ. 9 ಲಕ್ಷ ಅಂತ ಶುರುವಾಗಿದ್ದು 14 ಲಕ್ಷಕ್ಕೆ ನಿಂತಿತು ಅಂತಷ್ಟೇ ಹೇಳಿ ಈ ವಿಷಯ ಬಿಡುತ್ತೇನೆ, ಅದನ್ನು ನೆನೆಸಿಕೊಂಡರೆ ನಮ್ಮನೆಯವರಿಗೆ ಈಗಲೂ ಬಿಪಿ ಏರುತ್ತೆ.

ನೀರಿನ ಲೆಕ್ಕಕ್ಕೆ ಬರೋಣ. ನಮ್ಮ ಕೊಳ ಒಂದು ತುದಿಯಲ್ಲಿ ಮೂರೂವರೆ ಅಡಿ, ಇನ್ನೊಂದು ತುದಿಯಲ್ಲಿ ನಾಲ್ಕೂವರೆ, ಸರಾಸರಿ ನಾಲ್ಕಡಿ ಅನ್ನಿ. 24 ಇಂಟು 12 ಇಂಟು 4, ಒಟ್ಟು 1,152 ಘನ ಅಡಿ. ಒಂದು ಘನ ಅಡಿಗೆ 28 ಲೀಟರ್ ಮೇಲೆ, ಹತ್ತಿರ ಹತ್ತಿರ 32,600 ಲೀಟರ್. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಬೇಕು ಅನ್ನೋದು ಸರ್ಕಾರದ ಲೆಕ್ಕ. ನಾವು ನಾಲ್ಕು ಜನ, ನಾನು, ನಮ್ಮನೆಯವರು, ಅತ್ತೆ, ಮಗಳು. ಅಂದರೆ ನಾವು ಎರಡು ತಿಂಗಳು ಕುಡಿದು, ಬೇಯಿಸಿ, ಮಿಂದು, ಒಗೆದು ಮುಗಿಸುವ ನೀರು ಆ ಗುಂಡಿಯಲ್ಲಿ ನಿಂತಿದೆ. ತುಂಬಿಸಿದ ಮೇಲೆ ಮುಗೀತು ಅಂತಲೂ ಇಲ್ಲ. ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ಆರುತ್ತೆ ಅಂತ ಇಟ್ಟುಕೊಂಡರೂ ನಮ್ಮ ಅಳತೆಯ ಕೊಳದಿಂದ 134 ಲೀಟರ್ ಆವಿಯಾಗಿ ಹೋಗುತ್ತೆ. ನೋಡಿ, ಸರಿಯಾಗಿ ಒಬ್ಬ ಮನುಷ್ಯನ ಪಾಲು! ನಮ್ಮ ಮನೆಯಲ್ಲಿ ರೇಷನ್ ಕಾರ್ಡಿನಲ್ಲಿಲ್ಲದ ಐದನೆಯವರೊಬ್ಬರು ಇದ್ದ ಹಾಗೆ.

ಮೊದಲ ಸಲ ತುಂಬಿಸಿದ್ದು 2023ರ ಏಪ್ರಿಲ್‌ನಲ್ಲಿ, ಒಂದಿಷ್ಟು ಬೋರ್‌ವೆಲ್ ನೀರು, ಉಳಿದದ್ದಕ್ಕೆ ಮೂರು ಟ್ಯಾಂಕರ್. ಒಂದು ವಾರ ಕಳೆದ ಮೇಲೆ ನೋಡಿದರೆ ದಿನಕ್ಕೆ ಒಂದು ಇಂಚಿನಂತೆ ಇಳಿಯುತ್ತಿದೆ. ಕಟ್ಟಿದವರನ್ನು ಕೇಳಿದರೆ ‘ಆವಿ ಮೇಡಂ, ಬಿಸಿಲು ನೋಡಿ ಹೆಂಗಿದೆ’ ಅಂದರು. ಪಾಪ, ವಿಜ್ಞಾನದ ಮೇಷ್ಟ್ರಿಗೆ ಹೇಳುತ್ತಿದ್ದೇವೆ ಅಂತ ಅವರಿಗೆ ಗೊತ್ತಿರಲಿಲ್ಲ. ನಾನೊಂದು ಬಕೆಟ್ಟಿಗೆ ಕೊಳದ ನೀರನ್ನೇ ತುಂಬಿ, ಕೊಳದ ಮೆಟ್ಟಿಲ ಮೇಲೆ ಅರ್ಧ ಮುಳುಗುವ ಹಾಗೆ ಇಟ್ಟೆ. ಬಕೆಟ್ ಒಳಗೆ ನೀರಿರುವ ಮಟ್ಟಕ್ಕೆ ಒಂದು ಗೆರೆ, ಹೊರಗೆ ಕೊಳದ ಮಟ್ಟಕ್ಕೆ ಒಂದು ಗೆರೆ, ಪಂಪ್ ಆಫ್. ಒಂದು ದಿನ ಬಿಟ್ಟು ನೋಡಬೇಕು. ಬಿಸಿಲು ಎರಡಕ್ಕೂ ಒಂದೇ ತಾನೇ? ಬರೀ ಆವಿಯಾದರೆ ಎರಡೂ ಒಂದೇ ಸಮ ಇಳಿಯಬೇಕು. ಬಕೆಟ್ಟಿನೊಳಗೆ ಅರ್ಧ ಸೆಂಟಿಮೀಟರ್ ಇಳಿದಿತ್ತು, ಕೊಳದಲ್ಲಿ ಎರಡೂವರೆ. ಫೋಟೊ ತೆಗೆದು ಕಳಿಸಿದೆ. ಮೂರನೇ ದಿನ ಬಂದು ನೋಡಿದಾಗ ನೀರೊಳಗಿನ ದೀಪದ ಪೈಪು ಗೋಡೆ ಸೇರುವ ಜಾಗದಲ್ಲಿ ಸೋರುತ್ತಿತ್ತು. ದಿನಕ್ಕೆ 500 ಲೀಟರ್ ಮೇಲೆ ನೆಲದ ಪಾಲು. ಈ ಬಕೆಟ್ ಪರೀಕ್ಷೆಗೆ ಕಾಸು ಖರ್ಚಿಲ್ಲ, ಯಾರು ಬೇಕಾದರೂ ಮಾಡಬಹುದು, ನಿಮ್ಮ ಲೇಖನದಲ್ಲಿ ಇದೊಂದಾದರೂ ಇರಬೇಕಿತ್ತು.

ಈಗ ಈ ಪತ್ರ ಬರೆಯಲು ಕಾರಣವಾದ ವಿಷಯ.

ಕೊಳ ಆದ ಹೊಸತರಲ್ಲಿ ಬೇಲಿ ಹಾಕಿಸೋಣ್ವಾ ಅಂತ ನಾನೇ ಒಂದು ಸಲ ಕೇಳಿದ್ದೆ. ‘ಲುಕ್ ಹಾಳಾಗುತ್ತೆ ಮೇಡಂ’ ಅಂದರು ಕಟ್ಟಿದವರು. ಮನೆಯಲ್ಲಿ ಚಿಕ್ಕ ಮಕ್ಕಳಿಲ್ಲ, ಸುತ್ತ ಆರಡಿ ಕಾಂಪೌಂಡ್ ಇದೆ, ನಾವೂ ಸುಮ್ಮನಾದೆವು. ಜೂನ್ ತಿಂಗಳ ಒಂದು ಬೆಳಿಗ್ಗೆ ಅತ್ತೆ ಹೂವು ಕೀಳಲು ಹಿಂದೆ ಹೋದವರು ಕೂಗಿಕೊಂಡರು. ಬೀದಿ ನಾಯಿಯ ಮರಿಯೊಂದು, ಗೇಟಿನ ಕೆಳಗೆ ನುಸುಳಿ ದಿನಾ ಬರುತ್ತಿದ್ದದ್ದು, ಮಗಳು ಬಿಸ್ಕತ್ತು ಹಾಕುತ್ತಿದ್ದದ್ದು, ನೀರಿನ ಮೇಲೆ ತೇಲುತ್ತಿತ್ತು. ಸಾಮಾನ್ಯವಾಗಿ ನಾಯಿಗೆ ಈಜು ಬರುತ್ತೆ, ಯಾರೂ ಕಲಿಸಬೇಕಿಲ್ಲ. ಆದರೆ ಹತ್ತೋದು ಹೇಗೆ? ಗೋಡೆ ಪೂರಾ ನುಣುಪು ಟೈಲ್ಸ್, ಮೆಟ್ಟಿಲು ಇರೋದು ಒಂದೇ ಮೂಲೆಯಲ್ಲಿ, ಅದು ರಾತ್ರಿ ಕತ್ತಲಲ್ಲಿ ಸುತ್ತಿ ಸುತ್ತಿ ಸೋತಿದೆ. ಅಂಚಿನ ಟೈಲ್ಸ್ ನಡುವಿನ ಬಿಳಿ ಗೆರೆಯಲ್ಲಿ ಅದರ ಉಗುರು ಪರಚಿದ ಗುರುತಿತ್ತು. ನಾವು ಹತ್ತು ಹೆಜ್ಜೆ ದೂರದ ಕೋಣೆಯಲ್ಲೇ ಮಲಗಿದ್ದೆವು. ಯಾರಿಗೂ ಏನೂ ಕೇಳಿಸಲಿಲ್ಲ.

ಅತ್ತೆ ಅವತ್ತು ಬೈಯಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ‘ಅಲ್ಲಮ್ಮಾ, ಮನೆ ಬಾವಿಗೆ ಕಟ್ಟೆ ಇಲ್ಲದೆ ಬಿಡ್ತಾರಾ ಯಾರಾದ್ರೂ?’ ಅಂದರು, ಅಷ್ಟೇ. ನನಗೆ ನಮ್ಮೂರ ಬಾವಿಗಳು ನೆನಪಾದವು. ಮನೆ ಬಾವಿಗೆ ಎದೆಮಟ್ಟದ ಕಟ್ಟೆ ಇತ್ತು, ಅದರ ಸುತ್ತ ಎಷ್ಟು ಆಡಿದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ತೋಟದ ಬಾವಿಗೆ ಕಟ್ಟೆ ಇರಲಿಲ್ಲ, ದೊಡ್ಡವರಿಲ್ಲದೆ ಆ ಕಡೆ ತಲೆ ಹಾಕಿದರೆ ಬೆನ್ನಿಗೆ ಬೀಳೋದು. ಓದು ಬರಹ ಇಲ್ಲದ ಅಜ್ಜಂದಿರು ಇಷ್ಟು ತಿಳಿದುಕೊಂಡಿದ್ದರು. ನಾವು 14 ಲಕ್ಷ ಸುರಿದು ಕಟ್ಟೆ ಇಲ್ಲದ ಬಾವಿಯೊಂದನ್ನು ಅಡುಗೆಮನೆ ಬಾಗಿಲ ಎದುರಿಗೇ ಮಾಡಿಕೊಂಡಿದ್ದೆವು. ಎದುರು ಮನೆಯಲ್ಲಿ ಮೂರು ವರ್ಷದ ಮಗು ಇದೆ, ನಮ್ಮ ಗೇಟಿನ ಚಿಲಕ ತೆಗೆಯೋದು ಅದಕ್ಕೆ ಚೆನ್ನಾಗಿ ಗೊತ್ತು.

ನನ್ನ ತಂಗಿ ಸಿಡ್ನಿಯಲ್ಲಿದ್ದಾಳೆ. ಅವಳಿಗೆ ಫೋನು ಮಾಡಿ ಅತ್ತಾಗ ಅವಳು ಕೇಳಿದ ಮೊದಲ ಮಾತು, ‘ಬೇಲಿ ಇಲ್ಲದೆ ನಿಮಗೆ ಪರ್ಮಿಶನ್ ಯಾರು ಕೊಟ್ಟರು?’ ಅವಳಿರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಇದಕ್ಕೇ ಅಂತ 1992ರ ಒಂದು ಕಾನೂನಿದೆ. ಮನೆಯ ಕೊಳವನ್ನು ಸರ್ಕಾರದಲ್ಲಿ ನೋಂದಾಯಿಸಬೇಕು. ಬೇಲಿ ಕಡಿಮೆ ಅಂದರೂ 1.2 ಮೀಟರ್ ಎತ್ತರ, ಅಂದರೆ ನಾಲ್ಕಡಿ. ಸರಳುಗಳ ನಡುವೆ ಹತ್ತು ಸೆಂಟಿಮೀಟರ್‌ಗಿಂತ ಜಾಸ್ತಿ ಸಂದಿ ಇರಬಾರದು. ಗೇಟು ತಾನಾಗೇ ಮುಚ್ಚಿಕೊಂಡು ತಾನಾಗೇ ಚಿಲಕ ಬೀಳಬೇಕು, ಕೊಳದ ಕಡೆಗೆ ತೆರೆಯಬಾರದು. ಮುಳುಗಿದವರಿಗೆ ಉಸಿರು ಕೊಡೋದು ಹೇಗೆ ಅಂತ ತೋರಿಸುವ ಚಿತ್ರದ ಫಲಕ ಹಾಕಿರಬೇಕು. ಮನೆ ಮಾರುವಾಗ, ಬಾಡಿಗೆ ಕೊಡುವಾಗ ಕೊಳದ ಪ್ರಮಾಣಪತ್ರವನ್ನೂ ಕೇಳುತ್ತಾರೆ. ಫ್ರಾನ್ಸಿನಲ್ಲೂ 2003ರಲ್ಲಿ ಕಾನೂನು ಮಾಡಿದರು, ನೆಲದೊಳಗೆ ಕಟ್ಟಿದ ಮನೆ ಕೊಳಕ್ಕೆ ಬೇಲಿ, ಅಲಾರಂ, ಗಟ್ಟಿ ಮುಚ್ಚಿಗೆ, ಇಲ್ಲವೇ ಮೇಲೆ ಪೂರ್ತಿ ಗೂಡು, ಈ ನಾಲ್ಕರಲ್ಲಿ ಒಂದಾದರೂ ಇರಲೇಬೇಕು ಅಂತ. ನಮ್ಮ ಕಡೆ ನಕ್ಷೆ ಹಿಡಿದು ಹೋದಾಗ ಕಾಂಪೌಂಡಿನಿಂದ ಎಷ್ಟು ಅಡಿ ಬಿಟ್ಟಿದ್ದೀರಿ ಅಂತ ಕೇಳಿದರು, ಕಾಗದದಲ್ಲಿ ಸೀಲು ಸರಿಯಾಗಿ ಬಿದ್ದಿಲ್ಲ ಅಂತ ಎರಡು ಸಲ ಓಡಾಡಿಸಿದರು. ಬೇಲಿ ಎಲ್ಲಿ ಅಂತ ಯಾರೂ ಕೇಳಲಿಲ್ಲ.

ಜುಲೈನಲ್ಲಿ ಬೇಲಿ ಹಾಕಿಸಿದೆವು, ತಂಗಿ ಹೇಳಿದ ಅಳತೆಗೇ. ಹಾಕಿಸಿದ ಮೇಲೆ ಮಗಳು ಒಂದು ತಪ್ಪು ಕಂಡುಹಿಡಿದಳು. ಬೇಲಿಗೆ ಒತ್ತಿಕೊಂಡೇ ನಮ್ಮ ಬಟ್ಟೆ ಒಗೆಯೋ ಕಲ್ಲಿತ್ತು, ಅದರ ಮೇಲೆ ಹತ್ತಿದರೆ ನಾಲ್ಕಡಿ ಬೇಲಿ ಮಗುವಿಗೆ ಎರಡಡಿ. ನಾಲ್ಕು ಜನ ಆಳು ಕರೆಸಿ ಆ ಕಲ್ಲನ್ನು ಎತ್ತಿಸಿ ಇನ್ನೊಂದು ಕಡೆ ಇಡಿಸಿದೆ. ಕುರ್ಚಿ, ಹೂಕುಂಡ, ಮಗುಚಿಟ್ಟ ಡ್ರಮ್ಮು, ಬೇಲಿ ಪಕ್ಕ ಯಾವುದೂ ಇರಬಾರದು. ಮೇಲೆ ಟಾರ್ಪಾಲು ಹೊದಿಸಿಬಿಟ್ಟರೆ ಸಾಕಲ್ವಾ ಅಂತ ಕೇಳುವವರಿದ್ದಾರೆ. ಸಾಲದು, ಬರೀ ಟಾರ್ಪಾಲು ಇನ್ನೂ ಅಪಾಯ, ನೆಲ ಅಂದುಕೊಂಡು ಕಾಲಿಟ್ಟ ಮಗುವನ್ನು ಸುತ್ತಿಕೊಂಡು ಒಳಗೆ ಎಳೆಯುತ್ತೆ. ಅಂದಹಾಗೆ ಲುಕ್ ಏನೂ ಹಾಳಾಗಲಿಲ್ಲ, ಬೇಲಿಗೆ ಮಲ್ಲಿಗೆ ಹಬ್ಬಿಸೋಣ ಅಂದ ಅತ್ತೆಯನ್ನು ತಡೆಯೋದೇ ಕಷ್ಟವಾಯಿತು. ಬಳ್ಳಿ ಹಬ್ಬಿದರೆ ಒಳಗೆ ಯಾರಿದ್ದಾರೆ ಅಂತ ಕಾಣೋದಿಲ್ಲವಲ್ಲ.

ದೊಡ್ಡವರು ಜೊತೆಯಲ್ಲಿದ್ದರೆ ಸಾಕು, ಹಾರಿ ಎಳೆದು ತರುತ್ತಾರೆ ಅಂತ ಧೈರ್ಯ ಮಾಡಬೇಡಿ. 2024ರ ನವೆಂಬರ್‌ನಲ್ಲಿ ಉಳ್ಳಾಲದ ಹತ್ತಿರ ಸೋಮೇಶ್ವರದ ರೆಸಾರ್ಟ್ ಒಂದರ ಕೊಳದಲ್ಲಿ ಮೈಸೂರಿನ ಮೂವರು ಹುಡುಗಿಯರು ತೀರಿಕೊಂಡರು, ಮುಳುಗುತ್ತಿದ್ದ ಒಬ್ಬಳನ್ನು ಹಿಡಿಯಲು ಹೋಗಿ ಉಳಿದಿಬ್ಬರೂ ಹೋದರು ಅಂತ ನಿಮ್ಮ ಪತ್ರಿಕೆಗಳಲ್ಲೇ ಓದಿದ್ದೇವೆ. ಮುಳುಗುವವರು ಸಿನಿಮಾದಲ್ಲಿ ಕೂಗಿದ ಹಾಗೆ ಕೂಗೋದಿಲ್ಲ, ಉಸಿರಿಗೇ ಒದ್ದಾಡುವವರಿಗೆ ಕೂಗಲು ಗಾಳಿ ಎಲ್ಲಿಂದ ಬರಬೇಕು? ನಮ್ಮಲ್ಲಿ ಈಗ ಬೇಲಿಗೆ ಒಂದು ಉದ್ದ ಬಿದಿರು ಗಳು, ಒಂದು ಲಾರಿ ಟ್ಯೂಬು ಕಟ್ಟಿಟ್ಟಿದ್ದೇವೆ, ನೀರಿಗೆ ಹಾರದೆ ಚಾಚಲು. ಮಕ್ಕಳು ಇಳಿದಾಗ ಒಬ್ಬರು ದಡದಲ್ಲಿ ಕೂರಬೇಕು, ಕೈಯಲ್ಲಿ ಮೊಬೈಲ್ ಇರಬಾರದು. ಇದು ನಮ್ಮನೆಯವರಿಗೆ ಎಲ್ಲಕ್ಕಿಂತ ಕಷ್ಟದ ನಿಯಮ.

ಕರೆಂಟಿನ ವಿಷಯವೂ ಹಾಗೇ. 2023ರ ಡಿಸೆಂಬರ್ ಕೊನೆಯಲ್ಲಿ ವರ್ತೂರಿನ ಅಪಾರ್ಟ್‌ಮೆಂಟ್ ಒಂದರ ಕೊಳದಲ್ಲಿ ಒಂಬತ್ತು ವರ್ಷದ ಹುಡುಗಿ ತೀರಿಕೊಂಡಳು, ವಿದ್ಯುತ್ ಶಾಕ್ ಶಂಕೆ ಅಂತ ಸುದ್ದಿ ಬಂದಿತ್ತು. ಅದನ್ನು ಓದಿದ ದಿನವೇ ನಾನು ಎಲೆಕ್ಟ್ರಿಷಿಯನ್ ಕರೆಸಿದೆ. ನೀರೊಳಗಿನ ದೀಪ 12 ವೋಲ್ಟಿನದೇ ಆಗಿರಬೇಕು, ಅದರ ಟ್ರಾನ್ಸ್‌ಫಾರ್ಮರ್ ಕೊಳದಿಂದ ದೂರ ಇರಬೇಕು, ಪಂಪಿನ ಲೈನಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಲೈನು ಕಡಿಯುವ ಸ್ವಿಚ್ಚು) ಇರಲೇಬೇಕು, ಅದರ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ನಮ್ಮದರಲ್ಲಿ ಆರ್‌ಸಿಸಿಬಿ ಇರಲಿಲ್ಲ. ಬಣ್ಣ ಬದಲಾಯಿಸುವ ದೀಪ ಇತ್ತು, ಏಳು ಬಣ್ಣ! ಇನ್ನೊಂದು, ತಳದಲ್ಲಿ ನೀರು ಎಳೆಯುವ ಜಾಲರಿ ಒಂದೇ ಇದ್ದರೆ ಒಪ್ಪಬೇಡಿ, ದೂರ ದೂರ ಎರಡು ಇರಬೇಕು. ಒಂದೇ ಇದ್ದು ಅದರ ಮುಚ್ಚಳ ಮುರಿದಿದ್ದರೆ ಪಂಪಿನ ಎಳೆತಕ್ಕೆ ಉದ್ದ ಕೂದಲು ಸಿಕ್ಕಿಕೊಳ್ಳುತ್ತೆ. ಜಡೆ ಇರುವ ಹೆಣ್ಣುಮಕ್ಕಳು ತುರುಬು ಕಟ್ಟಿ ಟೋಪಿ ಹಾಕಿಕೊಂಡೇ ಇಳಿಯಿರಿ.

2023ರಲ್ಲಿ ಮಳೆ ಕೈಕೊಟ್ಟಿತು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಹೇಳಿತು. 2024ರ ಫೆಬ್ರುವರಿಯಲ್ಲಿ ನಮ್ಮ ಬೋರ್‌ವೆಲ್ ಗಾಳಿ ಉಗುಳಲು ಶುರು ಮಾಡಿತು. ಮಾರ್ಚ್‌ನಲ್ಲಿ ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿತು. ಸರಿಯಾಗೇ ಮಾಡಿತು. ನೂರು ಕಿಲೋಮೀಟರ್ ದೂರದಿಂದ, ಬೆಟ್ಟ ಹತ್ತಿಸಿ, ಕರೆಂಟು ಸುಟ್ಟು ತರುವ ಕಾವೇರಿಯನ್ನು ಹಿತ್ತಲಲ್ಲಿ ನಿಲ್ಲಿಸಿ ಬಿಸಿಲಿಗೆ ಆರಿಸೋದಕ್ಕೆ ಯಾರಿಗೂ ಹಕ್ಕಿಲ್ಲ. ಬೀದಿಯವರೆಲ್ಲ ಟ್ಯಾಂಕರ್‌ಗೆ ಕಾಯುತ್ತಿದ್ದಾಗ ನಮ್ಮ ಹಿತ್ತಲಲ್ಲಿ ಮೂವತ್ತು ಸಾವಿರ ಲೀಟರ್ ನೀಲಿ ನೀರು. ನಾಚಿಕೆ ಆಗುತ್ತಿತ್ತು. ಕ್ಲೋರಿನ್ ಹಾಕೋದು ನಿಲ್ಲಿಸಿ, ಬಕೆಟ್ಟಿನಲ್ಲಿ ಹೊತ್ತು ನೆಲ ಒರೆಸಲು, ಟಾಯ್ಲೆಟ್ಟಿಗೆ ಬಳಸಿದೆವು, ಅಕ್ಕಪಕ್ಕದ ಮೂರು ಮನೆಯವರೂ ಬಂದು ಹಿಡಿದುಕೊಂಡು ಹೋದರು. ಏಪ್ರಿಲ್ ಕೊನೆಗೆ ಕೊಳ ಖಾಲಿ. ಖಾಲಿ ಕೊಳ ಇನ್ನೂ ಕೆಟ್ಟದ್ದು, ಎಡವಿದರೆ ನಾಲ್ಕೂವರೆ ಅಡಿ ಕೆಳಗೆ ಟೈಲ್ಸ್ ಮೇಲೆ ಬೀಳೋದು. ಬೇಲಿ ಆಗಲೂ ಕೆಲಸಕ್ಕೆ ಬಂತು.

ಆಗ ನಾವು ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆವು. ಛಾವಣಿಯ ಮಳೆನೀರಿನ ಪೈಪನ್ನು ಒಂದು ಡ್ರಮ್ಮಿನ ಸೋಸುಗಕ್ಕೆ ತಿರುಗಿಸಿ, ಅಲ್ಲಿಂದ ಕೊಳಕ್ಕೆ. ಮೊದಲ ಮಳೆಯ ಧೂಳು ನೀರು ಹೊರಗೆ ಹೋಗಲು ಒಂದು ಬಿರಡೆ. ಜೂನ್ 2, ಭಾನುವಾರ. ಆ ದಿನ ಬೆಂಗಳೂರಿನಲ್ಲಿ 111 ಮಿಲಿಮೀಟರ್ ಮಳೆ ಬಿತ್ತು, ಜೂನ್ ತಿಂಗಳ ಒಂದು ದಿನದ ಮಳೆಯ 1891ರ ದಾಖಲೆ ಮುರಿಯಿತು ಅಂತ ಮರುದಿನ ಪೇಪರಿನಲ್ಲಿ ಬಂತು. ಬೆಳಿಗ್ಗೆ ಎದ್ದು ಟಾರ್ಚ್ ಹಿಡಿದು ಹಿಂದೆ ಹೋದರೆ ಕೊಳ ಅರ್ಧ ತುಂಬಿದೆ! ನಮ್ಮ ಛಾವಣಿ 1,500 ಚದರ ಅಡಿ. ಬೆಂಗಳೂರಿನ ವರ್ಷದ ಮಳೆ ಸುಮಾರು 970 ಮಿಲಿಮೀಟರ್ ಅಂತ ಇಟ್ಟುಕೊಂಡು, ಐದರಲ್ಲಿ ಒಂದು ಪಾಲು ವ್ಯರ್ಥ ಅಂತ ಕಳೆದರೂ ಒಂದು ಲಕ್ಷ ಲೀಟರ್ ಸಿಗುತ್ತೆ, ಕೊಳವನ್ನು ಮೂರು ಸಲ ತುಂಬುವಷ್ಟು. ಅವತ್ತಿನಿಂದ ಇವತ್ತಿನವರೆಗೆ ಕೊಳಕ್ಕೆ ಟ್ಯಾಂಕರ್ ಕರೆಸಿಲ್ಲ. ರಾತ್ರಿ ಹೊತ್ತು ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ ಹೊದಿಕೆ ಹಾಸುತ್ತೇವೆ, ಅದು ಆವಿ ತಡೆಯಲು ಮಾತ್ರ. ಬೇಸಿಗೆಗೆ ಬೇಕಾದ್ದನ್ನು ಸಂಪಿನಲ್ಲಿ ಉಳಿಸಿಕೊಳ್ಳುತ್ತೇವೆ, ಸಂಪು ಬರಿದಾದರೆ ಈಜು ಬಂದ್.

ದಿನದ ಚಾಕರಿ ಬಗ್ಗೆಯೂ ಹೇಳಿಬಿಡಬೇಕು. ಕೊಳ ಕಟ್ಟಿಸೋದು ಅಂದರೆ ಕೊಟ್ಟಿಗೆಗೆ ಎಮ್ಮೆ ತಂದು ಕಟ್ಟಿದ ಹಾಗೆ, ಹಾಲು ಕರೆಯಲಿ ಬಿಡಲಿ ದಿನಾ ಮೇವು ಹಾಕಲೇಬೇಕು. ಒಂದು ಎಚ್‌ಪಿ ಪಂಪು ದಿನಕ್ಕೆ ಆರು ಗಂಟೆ ಓಡಬೇಕು, ತಿಂಗಳಿಗೆ 150 ಯೂನಿಟ್ ಅದಕ್ಕೇ. ಗೃಹಜ್ಯೋತಿಯ 200 ಯೂನಿಟ್ ಗಡಿ ನಾವು ಪ್ರತಿ ತಿಂಗಳೂ ದಾಟುತ್ತೇವೆ, ಪೂರ್ತಿ ಬಿಲ್ಲು ಕಟ್ಟುತ್ತೇವೆ, ಕಟ್ಟಬೇಕಾದ್ದೇ ಬಿಡಿ. ಮರಳಿನ ಫಿಲ್ಟರನ್ನು ವಾರಕ್ಕೊಮ್ಮೆ ಉಲ್ಟಾ ತೊಳೆದರೆ ಒಂದು ಸಲಕ್ಕೆ 500 ಲೀಟರ್ ಹೊರಗೆ, ಅದನ್ನು ಎರಡು ದಿನ ಬಿಸಿಲಿಗಿಟ್ಟು ತೆಂಗಿಗೆ ಬಿಡುತ್ತೇವೆ. ಕ್ಲೋರಿನ್ 1ರಿಂದ 3 ಪಿಪಿಎಂ ಒಳಗೆ, ಅಂದರೆ ಲೀಟರಿಗೆ ಅಷ್ಟು ಮಿಲಿಗ್ರಾಂ. ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅಂತ ಹೇಳುವ ಪಿಎಚ್ 7.2ರಿಂದ 7.8ರ ಒಳಗೆ. ಟೆಸ್ಟ್ ಕಿಟ್ ಹಿಡಿದು ದಿನಾ ನೋಡೋದು ನನ್ನ ಕೆಲಸ. ಬ್ಲೀಚಿಂಗ್ ಪೌಡರ್ ಹಾಕಿದ ಮಗ್ಗಿನಲ್ಲೇ ಆಸಿಡ್ ಅಳೆಯಲು ಹೋಗಿದ್ದ ಹುಡುಗನನ್ನು ನಾನು ಕೂಗಿ ನಿಲ್ಲಿಸಿದ್ದೇನೆ, ಅವೆರಡೂ ಸೇರಿದರೆ ಕ್ಲೋರಿನ್ ಗ್ಯಾಸು ಏಳುತ್ತೆ, ಮುಚ್ಚಿದ ಪಂಪ್ ರೂಮಿನಲ್ಲಿ ಜೀವವೇ ಹೋಗಬಹುದು. ನುಗ್ಗೆ ಮರದ ಸಣ್ಣ ಎಲೆಗಳಂತೂ ಬಲೆಗೂ ಸಿಕ್ಕೋದಿಲ್ಲ. ಮರ ಕಡಿಸಿ ಅಂದರು, ಸಾರಿಗೆ ನುಗ್ಗೆಕಾಯಿ ಕೊಡುವ ಮರವನ್ನು ಕಡಿಸೋದುಂಟೇ?

ದೀಪಾವಳಿಗೆ ನೆಂಟರು ಬಂದಿದ್ದರು. ನರಕಚತುರ್ದಶಿ ಬೆಳಿಗ್ಗೆ ಮೈ ತುಂಬಾ ಎಣ್ಣೆ ಹಚ್ಚಿಕೊಂಡ ಆರು ಮಕ್ಕಳು, ‘ಬಚ್ಚಲಿಗಿಂತ ಇದೇ ಚೆಂದ’ ಅಂತ ಸೀದಾ ಕೊಳಕ್ಕೆ ಹಾರಿದವು. ಆಮೇಲೆ ಹದಿನೈದು ದಿನ ಟೈಲ್ಸ್ ಅಂಚಿನ ಎಣ್ಣೆ ಜಿಡ್ಡು ಉಜ್ಜಿದೆ ನಾನು. ಈಗ ಗೇಟಿನ ಪಕ್ಕ ಒಂದು ಷವರ್ ಇಡಿಸಿದ್ದೇನೆ, ಸೋಪು ಹಾಕಿ ತೊಳೆದುಕೊಂಡ ಮೇಲೇ ಒಳಗೆ. ಕೊಳದ ಹತ್ತಿರ ಘಾಟು ವಾಸನೆ ಬಂದರೆ ಕ್ಲೋರಿನ್ ಜಾಸ್ತಿ ಆಯಿತು ಅಂತಾರೆ, ಅದು ಬೆವರು, ಉಚ್ಚೆ ಜೊತೆ ಕ್ಲೋರಿನ್ ಸೇರಿ ಬರುವ ವಾಸನೆ. ನೆಂಟರಿಗೆ ಇದನ್ನು ಹೇಳಿದ ಮೇಲೆ ಬರೋದು ಸ್ವಲ್ಪ ಕಡಿಮೆ ಮಾಡಿದ್ದಾರೆ.

ಒಂದು ಸಲ ಮಾನ ಹೋಗಿದ್ದನ್ನೂ ಹೇಳುತ್ತೇನೆ. 2024ರ ಜುಲೈನಲ್ಲಿ ಡೆಂಗಿ ಜೋರಾಗಿತ್ತು. ನಮ್ಮ ಪಂಪಿನ ಮೋಟಾರು ಸುಟ್ಟು, ಬಿಡಿಭಾಗ ಬರಲು ಹನ್ನೆರಡು ದಿನ ಹಿಡಿಯಿತು. ಮನೆ ಮನೆಗೆ ಬರುವ ಆಶಾ ಕಾರ್ಯಕರ್ತೆ ಟಾರ್ಚ್ ಬಿಟ್ಟು ನೋಡಿ ‘ಟೀಚರ್, ಇಲ್ಲಿ ನೋಡಿ’ ಅಂದರು. ಮೆಟ್ಟಿಲ ಮೂಲೆಯಲ್ಲಿ ಹುಳ ಕುಣಿಯುತ್ತಿದ್ದವು. ಡೆಂಗಿ ಸೊಳ್ಳೆಗೆ ಇಂಥ ನಿಂತ ತಿಳಿನೀರೇ ಇಷ್ಟ, ಒಂದು ವಾರ ಹತ್ತು ದಿನದಲ್ಲಿ ಮೊಟ್ಟೆ ಸೊಳ್ಳೆಯಾಗಿ ಹಾರುತ್ತೆ ಅಂತ ಶಾಲೆಯಲ್ಲಿ ಚಿತ್ರ ಬರೆಸಿದವಳು ನಾನೇ. ಸೆಪ್ಟೆಂಬರ್‌ನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಅಂತ ಘೋಷಿಸಿ, ಸೊಳ್ಳೆ ಬೆಳೆಸುವ ನಗರದ ಮನೆಗಳಿಗೆ 400 ರೂಪಾಯಿ ದಂಡ ಇಟ್ಟಿತು. ನಮಗೆ ಎರಡು ತಿಂಗಳ ಅಂತರದಲ್ಲಿ ತಪ್ಪಿತು.

ನನ್ನ ಬೇಡಿಕೆ ದೊಡ್ಡದೇನಲ್ಲ. ಕೊಳದ ನಕ್ಷೆಗೆ ಸಹಿ ಹಾಕುವ ಮೊದಲು ಎರಡು ಪ್ರಶ್ನೆ ಕೇಳುವ ನಿಯಮ ಮಾಡಲಿ, ಬೇಲಿ ಎಲ್ಲಿ, ಛಾವಣಿ ನೀರಿನ ಪೈಪು ಎಲ್ಲಿ. ಎರಡರಲ್ಲಿ ಒಂದು ಇಲ್ಲದಿದ್ದರೂ ವಾಪಸ್ ಕಳಿಸಲಿ. ಊರಿನ ಕೊಳಗಳಲ್ಲಿ ಹೆಂಗಸರ ಬ್ಯಾಚು ಸಂಜೆ ಆರಕ್ಕೂ ಒಂದು ಇರಲಿ. ಅದು ಇದ್ದಿದ್ದರೆ ನಾನು ಖಂಡಿತ ಗುಂಡಿ ತೋಡಿಸುತ್ತಿರಲಿಲ್ಲ, ತಿಂಗಳ ಫೀಸು ಕಟ್ಟಿ ಈಜಿ ಮನೆಗೆ ಬರುತ್ತಿದ್ದೆ. ನೀವೂ ಮುಂದಿನ ಸಲ ಇಂಥ ಲೇಖನ ಹಾಕುವಾಗ ಬೇಲಿ ಇರುವ ಒಂದಾದರೂ ಕೊಳದ ಫೋಟೊ ಹಾಕಿ. ಎಲ್ಲೂ ಸಿಗದಿದ್ದರೆ ನಮ್ಮ ಮನೆಗೆ ಫೋಟೊಗ್ರಾಫರನ್ನು ಕಳಿಸಿ, ಅತ್ತೆ ಕಾಫಿ ಕೊಡುತ್ತಾರೆ. ಗೇಟಿನ ಚಿಲಕ ಮೇಲಿದೆ, ಎತ್ತಿ ತೆಗೆಯಬೇಕು.

ಇತಿ,
ನಿಮ್ಮ ಹಳೆಯ ಓದುಗರಲ್ಲೊಬ್ಬಳು, ಹೈಸ್ಕೂಲ್ ಶಿಕ್ಷಕಿ
ಕನಕಪುರ ರಸ್ತೆ, ಬೆಂಗಳೂರು